ಟೈರ್ ಪುರಾಣ

ಇಲ್ಲಿ ಬರೆಯದೆ ಎರಡು ತಿಂಗಳಾಯ್ತು. ಆಫೀಸಲ್ಲಿ ರಿಲೀಸು, ಊರಿಗೆ ಓಡಾಟ, ಅದು ಇದು... ಆ ಕೊರೆತ ಬಿಡಿ, ಇವತ್ತು ಬೇರೆ ಕೊರೆತ ಇದೆ :) ವಿಷಯ ಕಾರಿನ ಟೈರು. ಅದರಲ್ಲೂ ಜೋರಾಗಿ ಓಡೋ ಕಾರಿನ ಟೈರು ಸವೆದಾಗ ಬದಲಿಗೆ ಯಾವುದು ಹಾಕಿಸಬೇಕು ಅನ್ನೋದು. ಕಾರು ಅಂದ್ರೆ ಆಗದವರು ಎದ್ದು ಹೋಗಿ ಕಾಫಿ ಕುಡೀಬಹುದು. ಆದ್ರೆ ಜೂನ್-ಜುಲೈನಲ್ಲಿ ಘಾಟಿ ಇಳಿಯೋ ಅಭ್ಯಾಸ ಇರೋರು ಲೋಟ ಇಲ್ಲಿಗೇ ತಂದ್ಕೊಂಡು ಓದಿ, ಪ್ಲೀಸ್.

ನನ್ನ ವಾದ ಮೊದಲೇ ಹೇಳಿಬಿಡ್ತೀನಿ. ನಮ್ಮಲ್ಲಿ ಟೈರು ಕೊಳ್ಳೋರ ಮೊದಲ ಪ್ರಶ್ನೆ "ಎಷ್ಟು ಕಿಲೋಮೀಟರ್ ಬರುತ್ತೆ?" ಅಂಗಡಿಯವರು ಮೊದಲು ಬಾಯಿ ಬಿಡೋದೂ ಅದರ ಬಗ್ಗೆಯೇ. ಇಬ್ಬರೂ ಸೇರಿ ಮಳೆಯನ್ನ ಮರೆತುಬಿಡ್ತಾರೆ. ಒದ್ದೆ ರಸ್ತೆಯಲ್ಲಿ ಕಾರು ಎಷ್ಟು ದೂರಕ್ಕೆ ನಿಲ್ಲುತ್ತೆ ಅನ್ನೋದು ಮೊದಲ ಪ್ರಶ್ನೆ ಆಗಬೇಕು. ಬಾಳಿಕೆ ನಾಲ್ಕನೆಯದೋ ಐದನೆಯದೋ ಇರಲಿ.

ನನ್ನ ಹತ್ರ ಇರೋದು 2017ರ ಸ್ಕೋಡಾ ಆಕ್ಟೇವಿಯಾ ಆರ್‌ಎಸ್. ಸೆಕೆಂಡ್ ಹ್ಯಾಂಡ್ (ಹೊಸದು ಕೊಳ್ಳೋಷ್ಟು ಸಂಬಳ ನಂಗೆ ಇನ್ನೂ ಯಾರೂ ಕೊಟ್ಟಿಲ್ಲ), ಇಎಂಐ ಬೇರೆ ಬಾಕಿ ಇದೆ. ದೂರದಿಂದ ನೋಡಿದ್ರೆ ಯಾರೋ ಮೇಷ್ಟ್ರು ಓಡಿಸೋ ಸೆಡಾನ್ ಥರ ಕಾಣುತ್ತೆ. ಒಳಗೆ 2 ಲೀಟರಿನ ಟರ್ಬೊ ಪೆಟ್ರೋಲ್ ಎಂಜಿನ್, 230 ಪಿಎಸ್ ಶಕ್ತಿ, 350 ನ್ಯೂಟನ್ ಮೀಟರ್ ಟಾರ್ಕ್. ಅಷ್ಟೂ ಹೋಗೋದು ಮುಂದಿನ ಎರಡೇ ಚಕ್ರಕ್ಕೆ. ನಿಂತಲ್ಲಿಂದ 100 ಮುಟ್ಟೋಕೆ ಏಳು ಸೆಕೆಂಡ್ ಬೇಡ. ನನ್ನ ಕಾರಿನ ಟೈರ್ ಅಳತೆ 225/45 ಆರ್ 17.

ಈಗ ಸಣ್ಣ ಲೆಕ್ಕ. ಕಾರಿನ ತೂಕ ಸುಮಾರು 1,450 ಕೆಜಿ ಅಂತ ಇಟ್ಕೊಳ್ಳಿ, ಗಾಳಿ 33 ಪಿಎಸ್‌ಐ. ತೂಕವನ್ನ ಒತ್ತಡದಿಂದ ಭಾಗಿಸಿದ್ರೆ ನೆಲಕ್ಕೆ ತಾಗೋ ರಬ್ಬರಿನ ವಿಸ್ತೀರ್ಣ ಹೆಚ್ಚು ಕಡಿಮೆ ಬರುತ್ತೆ: ಒಂದೊಂದು ಟೈರಿಗೆ 155 ಚದರ ಸೆಂಟಿಮೀಟರ್. ನಮ್ಮ ಅಂಚೆ ಕಾರ್ಡಿಗಿಂತ ಒಂಚೂರು ದೊಡ್ಡದು, ಅಷ್ಟೇ. ಎಂಜಿನ್ನು, ಟರ್ಬೊ, ಎಬಿಎಸ್ಸು, ಆರು ಏರ್‌ಬ್ಯಾಗು ಅಂತೆಲ್ಲಾ ಏನೇ ಇದ್ರೂ ಕೊನೆಗೆ ರಸ್ತೆಗೂ ನಮಗೂ ಇರೋ ಸಂಬಂಧ ಆ ನಾಲ್ಕು ಕಾರ್ಡುಗಳದ್ದು. ಇಸಿಯು ರೀಮ್ಯಾಪ್ ಮಾಡಿಸಿ ಇನ್ನೂ 50 ಕುದುರೆ ಸೇರಿಸ್ಕೊಳ್ಳೋಕೆ ಅರ್ಧ ಲಕ್ಷ ಕೊಡೋ ಹುಡುಗರು ಟೈರ್ ಅಂಗಡೀಲಿ ಎರಡು ಸಾವಿರಕ್ಕೆ ಚೌಕಾಸಿ ಮಾಡೋದು ನೋಡಿದ್ರೆ ನಂಗೆ ನಗಬೇಕೋ ಅಳಬೇಕೋ ಗೊತ್ತಾಗಲ್ಲ.

ನಂಗೆ ಬೆಂಗಳೂರಿನ ಅಂಗಡಿಯೊಂದರಲ್ಲಿ ಸಿಕ್ಕಿದ್ದು ಎರಡು ಬೆಲೆ. ಮಳೆಯಲ್ಲಿ ಹಿಡಿತಕ್ಕೆ ಹೆಸರಾದ ಮೆತ್ತನೆ ಕಾಂಪೌಂಡಿನ ನಾಲ್ಕಕ್ಕೆ 68,000. "ಹಾರ್ಡ್ ಕಾಂಪೌಂಡ್ ಸಾರ್, ಕಣ್ಮುಚ್ಕೊಂಡು 50,000 ಕಿಲೋಮೀಟರ್ ಓಡುತ್ತೆ" ಅಂದಿದ್ದಕ್ಕೆ 44,000. ಮೊದಲನೆಯದು 30,000 ಬಂದ್ರೆ ಪುಣ್ಯ ಅಂದ್ರು ಅಂಗಡಿಯವರು, ಅದು ಸತ್ಯವೂ ಇರಬಹುದು. ಊರಿಗೆ ಫೋನ್ ಮಾಡಿ ಹೇಳಿದ್ರೆ ಅಪ್ಪಯ್ಯ, "ಅಲ್ಲ ಮಾರಾಯ, ಟೈರಿಗೆ ಅರವತ್ತೆಂಟು ಸಾವಿರನಾ? ಅಷ್ಟಕ್ಕೆ ತೋಟಕ್ಕೆ ಪೂರ್ತಿ ಪೈಪ್‌ಲೈನ್ ಬರ್ತದಲ್ಲೋ" ಅಂದ್ರು. ಅವರು ಹೇಳಿದ್ದರಲ್ಲಿ ತಪ್ಪೇನೂ ಇಲ್ಲ. ಹಾಗಾಗಿ ಲೆಕ್ಕ ಹಾಕಿಯೇ ತೋರಿಸಬೇಕಾಯ್ತು.

ಮೆತ್ತನೆಯದಕ್ಕೆ ಕಿಲೋಮೀಟರಿಗೆ 2 ರೂಪಾಯಿ 27 ಪೈಸೆ. ಗಟ್ಟಿಯದಕ್ಕೆ 88 ಪೈಸೆ. ವ್ಯತ್ಯಾಸ 1 ರೂಪಾಯಿ 39 ಪೈಸೆ. ಇದೇ ಕಾರು ಬೆಂಗಳೂರಿನ ಟ್ರಾಫಿಕ್ಕಲ್ಲಿ ಲೀಟರಿಗೆ 10 ಕೊಟ್ಟರೆ ದೊಡ್ಡದು, ಅಂದ್ರೆ ಪೆಟ್ರೋಲಿಗೇ ಕಿಲೋಮೀಟರಿಗೆ 10 ರೂಪಾಯಿ ಮೇಲೆ ಸುರೀತಾ ಇದೀನಿ. ಅದರ ಬಗ್ಗೆ ಯಾರೂ ಚಕಾರ ಎತ್ತಲ್ಲ!

ಈಗ ಆ 1 ರೂಪಾಯಿ 39 ಪೈಸೆಗೆ ಏನು ಸಿಗುತ್ತೆ ನೋಡಿ. ಪಿಯುಸಿ ಫಿಸಿಕ್ಸು ಸಾಕು: ನಿಲ್ಲೋ ದೂರ ಅಂದ್ರೆ ವೇಗದ ವರ್ಗವನ್ನ 2 × ಘರ್ಷಣಾಂಕ × 9.81ರಿಂದ ಭಾಗಿಸಿದ್ದು. ಒದ್ದೆ ಡಾಂಬರಿನ ಮೇಲೆ ಒಳ್ಳೆ ಟೈರಿನ ಘರ್ಷಣಾಂಕ 0.8, ಗಟ್ಟಿ ಟೈರಿಂದು 0.65 ಅಂತ ಹಿಡೀರಿ (ಇವು ಲೆಕ್ಕಕ್ಕೆ ನಾನು ಇಟ್ಕೊಂಡ ಸಂಖ್ಯೆಗಳು, ಯಾವುದೇ ಬ್ರ್ಯಾಂಡಿನ ಮೇಲೆ ಅಳೆದದ್ದಲ್ಲ). ಗಂಟೆಗೆ 100 ಕಿಲೋಮೀಟರ್ ವೇಗದಿಂದ ಮೊದಲನೆಯದು ನಿಲ್ಲೋದು 49 ಮೀಟರಿಗೆ. ಎರಡನೆಯದು 60 ಮೀಟರ್ ದಾಟಿ. "ಓ, ಬರೀ 11 ಮೀಟರಾ" ಅನ್ನಬೇಡಿ. ಮೊದಲನೇ ಕಾರು ಪೂರ್ತಿ ನಿಂತ ಜಾಗದಲ್ಲಿ ಎರಡನೇ ಕಾರು ಇನ್ನೂ ಎಷ್ಟು ವೇಗದಲ್ಲಿದೆ ಅಂತ ಲೆಕ್ಕ ಹಾಕಿ. ಗಂಟೆಗೆ 43 ಕಿಲೋಮೀಟರ್! ನಾನು ಎರಡು ಸಲ ಎಕ್ಸೆಲ್ಲಲ್ಲಿ ಹಾಕಿ ನೋಡಿದೆ. ಅಷ್ಟು ವೇಗದಲ್ಲಿ ಮುಂದೆ ನಿಂತಿರೋ ಲಾರಿಯ ಹಿಂಭಾಗಕ್ಕೆ ಹೋಗಿ ನುಗ್ಗೋದು ಅಂದ್ರೆ ಏನು ಅಂತ ವಿವರಿಸೋದು ಬೇಡ.

ಅಪ್ಪಯ್ಯನಿಗೆ ಈ ಕೊನೇ ಸಂಖ್ಯೆ ಹೇಳಿದ ಮೇಲೆ ಪೈಪ್‌ಲೈನ್ ಮಾತು ನಿಂತುಹೋಯ್ತು. ಯಾಕಂದ್ರೆ ಆ ಕಾರಲ್ಲಿ ಹಿಂದಿನ ಸೀಟಲ್ಲಿ ಕೂರೋದು ಅವರು ಮತ್ತೆ ಅಮ್ಮ. ತೀರ್ಥಹಳ್ಳಿಯಿಂದ ಉಡುಪಿ ಕಡೆ ಹೋಗ್ಬೇಕಂದ್ರೆ ಆಗುಂಬೆ ಘಾಟಿಯೇ ದಾರಿ. 14 ತಿರುವು, ವರ್ಷಕ್ಕೆ 7,000 ಮಿಲಿಮೀಟರ್ ಮೇಲೆ ಮಳೆ ಹೊಯ್ಯೋ ಊರು, ರಸ್ತೆ ಮೇಲೆ ಎಲೆ, ಕೆಸರು, ಪಾಚಿ. ಅಲ್ಲಿ ಯಾರೂ 100ರಲ್ಲಿ ಹೋಗಲ್ಲ ನಿಜ, ಆದ್ರೆ ಇಳಿಜಾರಲ್ಲಿ 35ರಲ್ಲಿ ಹೋಗ್ತಿರೋವಾಗ ತಿರುವಿನ ಆಚೆಯಿಂದ ಮಿನಿ ಬಸ್ಸೊಂದು ನಮ್ಮ ಅರ್ಧ ರಸ್ತೆಯನ್ನೂ ತಗೊಂಡು ಬಂದರೆ ಬೇಕಾಗೋದು ಇದೇ ಹಿಡಿತ.

ಗಟ್ಟಿ ರಬ್ಬರು ಮಳೇಲಿ ಯಾಕೆ ಜಾರುತ್ತೆ ಅನ್ನೋದು ನಂಗೆ ತುಂಬಾ ಇಷ್ಟವಾದ ವಿಷಯ, ಸ್ವಲ್ಪ ಸಹಿಸ್ಕೊಳ್ಳಿ. ರಸ್ತೆ ಮೇಲ್ಮೈ ನುಣುಪಲ್ಲ, ಜಲ್ಲಿಯ ಸಣ್ಣ ಸಣ್ಣ ಮೊನೆಗಳು ಇರ್ತಾವೆ. ರಬ್ಬರು ಆ ಮೊನೆಗಳ ಸುತ್ತ ಬಾಗಿ, ಮತ್ತೆ ನಿಧಾನಕ್ಕೆ ವಾಪಸ್ ಬರುವಾಗ ಶಕ್ತಿ ಕಳ್ಕೊಳ್ಳುತ್ತೆ. ಆ ನಷ್ಟವೇ ನಮಗೆ ಸಿಗೋ ಹಿಡಿತದ ದೊಡ್ಡ ಪಾಲು. ಒಣ ರಸ್ತೇಲಿ ಇದರ ಜೊತೆ ರಬ್ಬರು ನೇರವಾಗಿ ಅಂಟಿಕೊಳ್ಳೋದೂ ಇರುತ್ತೆ. ನೀರಿನ ಪದರ ಬಂದ ತಕ್ಷಣ ಅಂಟು ಹೋಯ್ತು, ಉಳಿಯೋದು ಈ ಬಾಗೋ ಗುಣ ಒಂದೇ. ಗಟ್ಟಿ ರಬ್ಬರು ಮೊನೆಗಳ ಮೇಲೆ ಬಾಗದೆ ಹಾಗೇ ಜಾರಿಕೊಂಡು ಹೋಗುತ್ತೆ.

ಹಾಗಾದ್ರೆ ಶಕ್ತಿ ನಷ್ಟ ಮಾಡೋ ರಬ್ಬರು ಹಾಕಿದ್ರೆ ಮೈಲೇಜು ಬೀಳಲ್ವಾ? ಬೀಳ್ತಿತ್ತು. ಅದಕ್ಕೆ ಉತ್ತರ ಕೊಟ್ಟಿದ್ದು ಸಿಲಿಕಾ, 90ರ ದಶಕದ ಶುರುವಿನಲ್ಲಿ ಮಿಶೆಲಿನ್‌ನವರು ಇದನ್ನ ಕಾರಿನ ಟೈರಿಗೆ ದೊಡ್ಡ ಮಟ್ಟದಲ್ಲಿ ತಂದ್ರು. ಟೈರು ಸುಮ್ಮನೆ ಉರುಳೋವಾಗ ಅದು ಬಾಗೋದು ಸುತ್ತಿಗೊಂದು ಸಲ, ಅಂದ್ರೆ 100ರ ವೇಗದಲ್ಲಿ ಸೆಕೆಂಡಿಗೆ 14 ಸಲ. ಬ್ರೇಕ್ ಹೊಡೆದಾಗ ಜಲ್ಲಿಯ ಮೊನೆಗಳ ಮೇಲೆ ಬಾಗೋದು ಸೆಕೆಂಡಿಗೆ ಸಾವಿರಾರು ಸಲ. ಸಿಲಿಕಾ ಬೆರೆಸಿದ ರಬ್ಬರು ಮೊದಲನೆಯದರಲ್ಲಿ ಕಡಿಮೆ ಶಕ್ತಿ ಕಳೆಯುತ್ತೆ, ಎರಡನೆಯದರಲ್ಲಿ ಜಾಸ್ತಿ. ಒಂದೇ ವಸ್ತು ಎರಡು ಕಡೆ ಎರಡು ಥರ ನಡ್ಕೊಳ್ಳುತ್ತೆ, ನಮ್ಮ ಮ್ಯಾನೇಜರುಗಳ ಹಾಗೆ :)

ಸರಿ, ಅಂಗಡಿಯಲ್ಲಿ ನಿಂತು ಇದನ್ನ ಪತ್ತೆ ಹಚ್ಚೋದು ಹೇಗೆ? ಟೈರಿನ ಪಕ್ಕದಲ್ಲಿ ಟ್ರೆಡ್‌ವೇರ್ ಅಂತ ಒಂದು ಸಂಖ್ಯೆ ಇರಬಹುದು, 240, 320, 500 ಹೀಗೆ. ಅಮೆರಿಕದ ಪದ್ಧತಿ. ಟೆಕ್ಸಾಸಿನ ಸ್ಯಾನ್ ಆಂಜೆಲೊ ಸುತ್ತಮುತ್ತಲ ರಸ್ತೆಗಳಲ್ಲಿ 7,200 ಮೈಲಿ ಓಡಿಸಿ, 100 ಅಂತ ಇಟ್ಟ ಒಂದು ಮಾದರಿ ಟೈರಿಗೆ ಹೋಲಿಸಿ ಕೊಡೋ ಅಂಕ. ಕೊನೆಗೆ ಅಂಕ ಹಾಕೋದು ತಯಾರಕರೇ ಆದ್ದರಿಂದ ಒಂದು ಕಂಪನಿಯ 320ನ್ನ ಇನ್ನೊಂದು ಕಂಪನಿಯ 320ಕ್ಕೆ ಹೋಲಿಸೋಕೆ ಬರಲ್ಲ. ಒಂದೇ ಕಂಪನಿಯ ಎರಡು ಮಾದರಿಗಳ ನಡುವೆ ಮಾತ್ರ ಸ್ವಲ್ಪ ಉಪಯೋಗ. ಅದರ ಪಕ್ಕದ ಟ್ರಾಕ್ಷನ್ ದರ್ಜೆ (ಎಎ, ಎ, ಬಿ, ಸಿ) ಒದ್ದೆ ನೆಲದ್ದೇ, ಆದ್ರೆ ನೇರ ಗೆರೆಯಲ್ಲಿ ಚಕ್ರ ಲಾಕ್ ಆಗಿ ಜಾರೋವಾಗಿನದ್ದು. ತಿರುವಿನ ಬಗ್ಗೆ ಅದು ಏನೂ ಹೇಳಲ್ಲ.

ಯುರೋಪಿನ ಲೇಬಲ್ಲು ಇದಕ್ಕಿಂತ ವಾಸಿ. 2012ರಿಂದ ಅಲ್ಲಿ ಟೈರಿಗೆ ಒದ್ದೆ ಹಿಡಿತದ ದರ್ಜೆ ಕಡ್ಡಾಯ, 2021ರಲ್ಲಿ ಅದನ್ನ ಎ ಯಿಂದ ಇ ವರೆಗೆ ಅಂತ ಪರಿಷ್ಕರಿಸಿದ್ರು. ನಮ್ಮ ಕೇಂದ್ರ ಸರ್ಕಾರವೂ 2022ರಲ್ಲಿ ಎಐಎಸ್ 142 ಅನ್ನೋ ಮಾನದಂಡ ತಂದು ಒದ್ದೆ ಹಿಡಿತ, ಉರುಳೋ ಪ್ರತಿರೋಧ, ಸದ್ದು ಮೂರಕ್ಕೂ ಮಿತಿ ಹಾಕಿತು. ಒಳ್ಳೇದೇ. ಆದ್ರೆ ಅದು ಪಾಸು-ಫೇಲು ಪರೀಕ್ಷೆ. 35 ತಗೊಂಡವನೂ ಪಾಸು, 95 ತಗೊಂಡವನೂ ಪಾಸು, ಅಂಕಪಟ್ಟಿ ಮಾತ್ರ ನಮ್ಮ ಕೈಗೆ ಬರಲ್ಲ. ಫ್ರಿಜ್ಜಿನ ಮೇಲೆ ನಕ್ಷತ್ರ ಅಂಟಿಸೋ ದೇಶದಲ್ಲಿ ಟೈರಿನ ಮೇಲೆ ಮಳೆಯ ಅಂಕ ದೊಡ್ಡದಾಗಿ ಯಾಕೆ ಅಂಟಿಸಬಾರದು? ಅಲ್ಲಿವರೆಗೆ ನಾನು ಮಾಡೋದು ಇಷ್ಟು: ಅದೇ ಮಾದರಿ, ಅದೇ ಅಳತೆ ಯುರೋಪಲ್ಲಿ ಮಾರಾಟಕ್ಕಿದ್ರೆ ಅಲ್ಲಿನ ದರ್ಜೆ ಹುಡುಕಿ ನೋಡೋದು. ಎರಡೂ ಕಡೆಯ ಟೈರು ಒಂದೇ ಕಾರ್ಖಾನೆಯದ್ದು ಅಂತ ಖಾತ್ರಿ ಇಲ್ಲ, ಆದ್ರೂ ಅಂಗಡಿಯವರ ಬಾಯಿ ಮಾತಿಗಿಂತ ಮೇಲು.

ಇನ್ನು ಅಳತೆ. ಆರ್‌ಎಸ್ ಇರೋರಿಗೆಲ್ಲಾ ಒಂದು ಚಟ, 18 ಇಂಚಿನ ಅಲಾಯ್ ಹಾಕಿಸೋದು. 225/45 ಆರ್ 17ರಲ್ಲಿ ಪಕ್ಕದ ಗೋಡೆಯ ಎತ್ತರ 101 ಮಿಲಿಮೀಟರ್. 225/40 ಆರ್ 18ರಲ್ಲಿ 90. ಗುಂಡಿಗೂ ರಿಮ್ಮಿಗೂ ನಡುವೆ ಇದ್ದ ರಬ್ಬರು 11 ಮಿಲಿಮೀಟರ್ ಕಮ್ಮಿ ಆಯ್ತು. ಬೆಂಗಳೂರಿನ ಗುಂಡಿಗಳ ಆಳ ಗೊತ್ತಿದ್ದೂ ಆ 11 ಮಿಲಿಮೀಟರನ್ನ ದುಡ್ಡು ಕೊಟ್ಟು ತೆಗೆಸೋದು ನಂಗಂತೂ ಅರ್ಥ ಆಗಲ್ಲ. ಅದರ ಬದಲು ಅದೇ ಅಳತೆಯಲ್ಲಿ ಎಕ್ಸ್‌ಎಲ್ ಗುರುತಿನದ್ದು ಸಿಕ್ಕರೆ ತಗೊಳ್ಳಿ. ಮಾಮೂಲಿ 91 ಲೋಡ್ ಇಂಡೆಕ್ಸ್ ಅಂದ್ರೆ ಒಂದು ಟೈರು 615 ಕೆಜಿ ಹೊರುತ್ತೆ, ಎಕ್ಸ್‌ಎಲ್‌ನ 94 ಅಂದ್ರೆ 670.

ಅಗಲ ಮಾಡೋದೂ ಅಷ್ಟೇ. 245 ಹಾಕಿದ್ರೆ ಒಣ ರಸ್ತೇಲಿ ಚೆಂದ, ನಿಂತ ನೀರಲ್ಲಿ ಮಾತ್ರ ಅಗಲದ ಟೈರು ಬೇಗ ತೇಲುತ್ತೆ. ತೇಲೋದು ಅಂದ್ರೆ ಆಕ್ವಾಪ್ಲೇನಿಂಗ್, ರಬ್ಬರಿಗೂ ರಸ್ತೆಗೂ ಮಧ್ಯೆ ನೀರು ಸೇರಿಕೊಂಡು ಸ್ಟೀರಿಂಗ್ ಹಗುರವಾಗಿಬಿಡೋದು. 1963ರಲ್ಲಿ ನಾಸಾದವರು ವಿಮಾನದ ಟೈರಿಗೆ ಒಂದು ಸೂತ್ರ ಕೊಟ್ಟಿದ್ರು: ಒತ್ತಡದ (ಪಿಎಸ್‌ಐ) ವರ್ಗಮೂಲವನ್ನ 10.35ರಿಂದ ಗುಣಿಸಿದ್ರೆ ಟೈರು ತೇಲೋ ವೇಗ, ಗಂಟೆಗೆ ಇಷ್ಟು ಮೈಲಿ ಅಂತ. ಕಾರಿಗೆ ಇದು ಬರೀ ಅಂದಾಜು, ಆಳವಾದ ನೀರು ಮತ್ತು ಬೋಳು ಟೈರಿನ ಪರಿಸ್ಥಿತಿಗೆ ಹತ್ತಿರ. 33 ಪಿಎಸ್‌ಐಗೆ ಬರೋದು ಗಂಟೆಗೆ 96 ಕಿಲೋಮೀಟರ್. ಗಾಳಿ 26ಕ್ಕೆ ಇಳಿದಿದ್ರೆ 85. ನೈಟ್ರೋಜನ್ ತುಂಬಿಸಬೇಕಾ ಅಂತ ಕೇಳೋರಿಗೂ ಇಲ್ಲೇ ಉತ್ತರ: ನಾವು ಉಸಿರಾಡೋ ಗಾಳಿಯಲ್ಲೇ ಶೇಕಡ 78 ನೈಟ್ರೋಜನ್ ಇದೆ, ಅದನ್ನೇ ಎರಡು ವಾರಕ್ಕೊಮ್ಮೆ ಸರಿಯಾಗಿ ತುಂಬಿಸಿ ಸಾಕು.

ಸ್ಪೀಡ್ ರೇಟಿಂಗ್ ಬಗ್ಗೆ ಒಂದು ಮಾತು. ಎಚ್ ಅಂದ್ರೆ 210, ವಿ ಅಂದ್ರೆ 240, ಡಬ್ಲ್ಯೂ ಅಂದ್ರೆ 270. "ನಮ್ಮ ರಸ್ತೇಲಿ 270 ಯಾರು ಹೋಗ್ತಾರೆ ಸಾರ್?" ಅಂತ ಕೇಳ್ತಾರೆ. ಯಾರೂ ಹೋಗಲ್ಲ, ಮೈಸೂರು ಹೆದ್ದಾರೀಲಿ 100 ದಾಟಿದ್ರೇ ಕ್ಯಾಮೆರಾ ಫೋಟೋ ತೆಗೆಯುತ್ತೆ. ಆದ್ರೆ ಆ ಅಕ್ಷರ ಟೈರು ಎಷ್ಟು ಬಿಸಿ ತಡೆಯುತ್ತೆ ಅನ್ನೋದನ್ನೂ ಹೇಳುತ್ತೆ. ಮೇ ತಿಂಗಳ ಮಧ್ಯಾಹ್ನ ಚಿತ್ರದುರ್ಗದ ಬಯಲಲ್ಲಿ ಐದು ಜನ, ಡಿಕ್ಕಿ ತುಂಬ ಲಗೇಜು, ಗಾಳಿ ಸ್ವಲ್ಪ ಕಮ್ಮಿ... ಆಗ ಅದು ಉಪಯೋಗಕ್ಕೆ ಬರುತ್ತೆ. ಕಾರಿನ ಕಂಪನಿ ಬರೆದಿರೋದಕ್ಕಿಂತ ಕೆಳಗೆ ಇಳಿಯಬೇಡಿ.

ನಮ್ಮಂಥ ಅಳತೆಗಳಿಗೆ ಇನ್ನೊಂದು ತಾಪತ್ರಯ ಇದೆ. ಗಿರಾಕಿ ಕಮ್ಮಿ, ಹಾಗಾಗಿ ಮಾಲು ಗೋಡೌನಲ್ಲೇ ವರ್ಷಗಟ್ಟಲೆ ಕೂತಿರುತ್ತೆ. 2020ರ ಜೂನಿನಲ್ಲಿ ಹೊಸ ಟೈರುಗಳ ಆಮದನ್ನ ಸರ್ಕಾರ ನಿರ್ಬಂಧಿತ ಪಟ್ಟಿಗೆ ಸೇರಿಸಿದಾಗ, ಅಂದ್ರೆ ಲೈಸೆನ್ಸ್ ಇಲ್ಲದೆ ತರಿಸೋ ಹಾಗಿಲ್ಲ ಅಂದಾಗ, ಏಟು ಬಿದ್ದಿದ್ದು ಇಂಥ ಅಳತೆಗಳಿಗೇ. ಇಲ್ಲೇ ತಯಾರಾಗಲಿ ಅನ್ನೋದಕ್ಕೆ ನನ್ನ ವಿರೋಧ ಇಲ್ಲ. 2009ರಲ್ಲಿ ಅಪೊಲೊದವರು ನೆದರ್ಲೆಂಡ್ಸಿನ ವ್ರೆಡೆಸ್ಟೈನ್ ಕಂಪನಿಯನ್ನ ಕೊಂಡು, 2021ರಲ್ಲಿ ಆ ಹೆಸರಿನ ಟೈರು ಇಲ್ಲೂ ಮಾರೋಕೆ ಶುರು ಮಾಡಿದಾಗ ಖುಷಿಯೇ ಆಗಿತ್ತು. ಆದ್ರೆ ಆಯ್ಕೆ ಕಮ್ಮಿ ಆದಾಗ ಹಳೇ ಮಾಲು ಹೊಸ ಬೆಲೆಗೆ ಹೋಗುತ್ತೆ. ಪಕ್ಕದಲ್ಲಿ ಡಾಟ್ ಅನ್ನೋ ಅಕ್ಷರಗಳಿಂದ ಶುರುವಾಗೋ ಸಾಲಿನ ಕೊನೆಯ ನಾಲ್ಕು ಅಂಕಿ ನೋಡಿ. 3623 ಅಂದ್ರೆ 2023ರ 36ನೇ ವಾರ. ನಂಗೆ ಮೊದಲು ತೋರಿಸಿದ ಸೆಟ್ಟು ಮೂರೂವರೆ ವರ್ಷ ಹಳೇದು. "ರಬ್ಬರ್ ಏನು ಹಾಲಾ ಸಾರ್, ಕೆಡೋಕೆ?" ಅಂದ್ರು ಅಂಗಡಿಯವರು. ಹಾಲಿನಷ್ಟು ಬೇಗ ಕೆಡಲ್ಲ, ಒಪ್ಪಿದೆ, ಆದ್ರೆ ವರ್ಷ ಕಳೆದ ಹಾಗೆ ಗಟ್ಟಿ ಆಗುತ್ತೆ. ಮೆತ್ತನೆ ರಬ್ಬರಿಗೇ ಅಂತ ಹೆಚ್ಚಿಗೆ ದುಡ್ಡು ಕೊಟ್ಟು, ಗೋಡೌನಲ್ಲಿ ಗಟ್ಟಿಯಾದದ್ದನ್ನ ಯಾಕೆ ತಗೋಬೇಕು? ಒಂದು ವರ್ಷದ ಒಳಗಿನದ್ದು ಬರೋವರೆಗೆ ಹನ್ನೆರಡು ದಿನ ಕಾದೆ.

ಕೊನೆಗೆ ಹಾಕಿಸಿದ್ದು ಮಿಶೆಲಿನ್ ಪೈಲಟ್ ಸ್ಪೋರ್ಟ್ 4. ಅದು ಸಿಗದಿದ್ರೆ ಕಾಂಟಿನೆಂಟಲ್ ಯುಸಿ6 ತಗೊಳ್ಳೋಣ ಅಂತಿದ್ದೆ, ಅದಕ್ಕೂ ಮಳೆಯಲ್ಲಿ ಒಳ್ಳೆ ಹೆಸರಿದೆ. ಟ್ರ್ಯಾಕಲ್ಲಿ ಓಡಿಸೋ ಸೆಮಿ-ಸ್ಲಿಕ್ ಟೈರನ್ನ ದಿನಬಳಕೆಗೆ ಹಾಕ್ಕೊಂಡು ಓಡಾಡೋರ ಬಗ್ಗೆ ನಾನೇನೂ ಹೇಳಲ್ಲ, ಅವರ ಮನೆ ಕಡೆ ಮಳೆ ಬರಲ್ಲ ಅನ್ಸುತ್ತೆ.

ದುಡ್ಡು ಹೊಂದದೆ ಎರಡೇ ಹಾಕಿಸೋರಿಗೆ ಒಂದು ವಿಷಯ. ಮುಂದಿನ ಚಕ್ರ ಎಳೆಯೋ ಕಾರುಗಳಲ್ಲಿ ಮುಂದಿನವೇ ಮೊದಲು ಸವೆಯೋದು, ಹಾಗಾಗಿ ಹೊಸದನ್ನ ಮುಂದೆ ಹಾಕ್ತೀವಿ ಅಂತಾರೆ ಅಂಗಡಿಯವರು. ಬೇಡ. ಹೊಸದು ಹಿಂದಕ್ಕೆ, ಹಿಂದಿನ ಹಳೇದು ಮುಂದಕ್ಕೆ. ಮುಂದಿನ ಟೈರು ನೀರಲ್ಲಿ ತೇಲಿದ್ರೆ ಕಾರು ನೇರ ಹೋಗುತ್ತೆ, ಕಾಲು ತೆಗೆದ್ರೆ ಹಿಡಿತ ವಾಪಸ್ ಬರುತ್ತೆ. ಹಿಂದಿನದು ತೇಲಿದ್ರೆ ಕಾರು ಬುಗುರಿ ಥರ ತಿರುಗುತ್ತೆ, ಅದನ್ನ ಹಿಡಿದು ನಿಲ್ಲಿಸೋ ಕೈ ನಮ್ಮಲ್ಲಿ ಎಷ್ಟು ಜನಕ್ಕಿದೆ? ಈ ವಿಷಯಕ್ಕೆ ಗೆಳೆಯನೊಬ್ಬನ ಪರವಾಗಿ ಅಂಗಡೀಲಿ ಹದಿನೈದು ನಿಮಿಷ ವಾದ ಮಾಡಿದೀನಿ. ಕಾನೂನಿನ ಪ್ರಕಾರ 1.6 ಮಿಲಿಮೀಟರ್ ಎಳೆ ಉಳಿಯೋವರೆಗೂ ಓಡಿಸಬಹುದು, ನಾನು ಮಾತ್ರ 3ಕ್ಕೇ ಬದಲಾಯಿಸೋನು. ಎಳೆ ಸವೆದಷ್ಟೂ ನೀರು ಹೊರಗೆ ಹೋಗೋಕೆ ಜಾಗ ಇರಲ್ಲ.

ಹೊಸ ಟೈರು ಹಾಕಿಸಿದ ಮೊದಲ 200-300 ಕಿಲೋಮೀಟರ್ ಸ್ವಲ್ಪ ತಾಳ್ಮೆಯಿಂದ ಓಡಿಸಿ, ಅಚ್ಚಿನಿಂದ ಬಂದ ಜಾರು ಪದರ ಹೋಗಬೇಕು. ವೀಲ್ ಅಲೈನ್‌ಮೆಂಟ್ ಅದೇ ದಿನ ಮಾಡಿಸಿ. ಹಾಂ, ಡಿಕ್ಕಿಯೊಳಗೆ ಮಲಗಿರೋ ಸ್ಟೆಪ್ನಿಯ ತಾರೀಕು ಕೂಡ ಒಂದ್ಸಲ ನೋಡಿ. ನಂದು 2017ರದ್ದು, ಒಂದು ಸಲವೂ ರಸ್ತೆ ಮುಟ್ಟಿಲ್ಲ, ಎಳೆ ಫಳಫಳ ಅಂತಿದೆ, ಉಗುರಲ್ಲಿ ಒತ್ತಿದ್ರೆ ಮಾತ್ರ ಮರದ ಹಾಗೆ. ಅದಕ್ಕೆ ಮುಂದಿನ ತಿಂಗಳ ಸಂಬಳ ಬರಬೇಕು. ಅಪ್ಪಯ್ಯನಿಗೆ ಇನ್ನೂ ಹೇಳಿಲ್ಲ.